ನೋಡಿ ಬರುವ ಕೆಲಸ

ಯಜಮಾನರ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ನಾನು ಓದಿದ್ದೇನೆ. ಷೇರುಪೇಟೆಯ ಮಾಂತ್ರಿಕ, ಮುಟ್ಟಿದ್ದೆಲ್ಲ ಚಿನ್ನ, ಗಳಿಸಿದ್ದನ್ನೆಲ್ಲ ಎರಡೂ ಕೈಯಲ್ಲಿ ಹಂಚಿದ ಧರ್ಮಾತ್ಮ ಎಂದೆಲ್ಲ ಬರೆದಿದ್ದಾರೆ. ಬರೆಯಲಿ, ನನ್ನ ಗಂಟೇನು ಹೋಗಬೇಕು. ಆದರೆ ಆ ರಾಶಿ ಕಾಗದದಲ್ಲಿ ನಮ್ಮ ಚಿಕ್ಕಮ್ಮನ ಸುದ್ದಿ ಒಂದು ಸಾಲೂ ಇಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವಳಿಗೆ ಮಾತ್ರ ಉರಿಯುತ್ತಿರಲಿಲ್ಲ. "ನನ್ನ ಫೋಟೋ ಹಾಕಿದ್ರೆ ನನ್ನ ಕೆಲಸ ಕೆಡುತ್ತೆ" ಎನ್ನುತ್ತಿದ್ದಳು. ಅವಳ ಕೆಲಸವೆಂದರೆ ನೋಡಿ ಬರುವುದು. ಆ ಕೆಲಸವೇ ಒಂದು ದಿನ ಅವಳ ಜೀವಕ್ಕೆ ಮುಳುವಾಗುವುದರಲ್ಲಿತ್ತು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಅಮ್ಮ ನಾನು ಮಗುವಾಗಿದ್ದಾಗಲೇ ತೀರಿಕೊಂಡಳು. ಅಪ್ಪ ಬೇರೆ ಸಂಸಾರ ಹೂಡಿದ. ನನ್ನನ್ನು ಸಾಕಿದವಳು ಇವಳೇ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಪುರುಸೊತ್ತಾಗಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದಳು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ, ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ತಂತಿ, ಅಡುಗೆಮನೆಯ ಕಿಟಕಿಯಿಂದ ಬಸ್ ಡಿಪೋ. ಅವಳು ಟೈಪಿಂಗ್ ಕಲಿತಿದ್ದಳು. ಬೆರಳು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಇಂಥವಳು ಕೆಲಸ ಹುಡುಕುತ್ತ ಹುಡುಕುತ್ತ ಯಜಮಾನರ ಬಾಗಿಲಿಗೆ ಬಂದಳು.

ಆಗ ಅವರು ಯಜಮಾನರೂ ಅಲ್ಲ, ಎಂಥದೂ ಅಲ್ಲ. ಕೊಡೆ ರಿಪೇರಿ ಮಾಡುವವನ ಮಗ. ಷೇರು ದಲ್ಲಾಳಿಯೊಬ್ಬನ ಆಫೀಸಿನಲ್ಲಿ ಗುಮಾಸ್ತರಾಗಿದ್ದು, ಅವನ ಜೊತೆ ಜಗಳವಾಡಿಕೊಂಡು ಹೊರಬಿದ್ದು, ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯಲ್ಲಿ ಕೋಣೆ ಹಿಡಿದಿದ್ದರು. ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಲೆ ಮೇಜು ಗಡಗಡ ನಡುಗುತ್ತಿತ್ತು. ಚಹಾದ ಲೋಟ ಕೆಳಗಿಡುವಂತಿಲ್ಲ, ಕುಡಿದು ಮುಗಿಸುವ ತನಕ ಕೈಯಲ್ಲೇ ಹಿಡಿದಿರಬೇಕು. ಪ್ರೆಸ್ಸಿನ ಮಾಲೀಕ, ಇಬ್ಬರು ಮೇಷ್ಟರು, ಒಬ್ಬ ದರ್ಜಿ, ಇಂಥವರು ನಂಬಿ ಕೊಟ್ಟ ಉಳಿತಾಯದ ಹಣವನ್ನು ಅವರು ಷೇರುಗಳಲ್ಲಿ ತೊಡಗಿಸುತ್ತಿದ್ದರು. ಚಿಕ್ಕಮ್ಮನನ್ನು ಮೊದಲ ದಿನ "ಟೈಪಿಸ್ಟಮ್ಮ" ಎಂದು ಕರೆದರು. ಟೈಪ್‌ರೈಟರ್ ಗುಜರಿಗೆ ಹೋದ ಮೇಲೂ ಆ ಹೆಸರು ಹೋಗಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಒಂದು ಪಂಪು ತಯಾರಿಸುವ ಕಂಪನಿಯ ಷೇರುಗಳನ್ನು ಕೊಳ್ಳಲು ಹೊರಟಿದ್ದರು. ಆ ಕಂಪನಿಯ ಲೆಕ್ಕಪತ್ರ ಕಣ್ಣಿಗೊತ್ತಿಕೊಳ್ಳುವ ಹಾಗಿತ್ತಂತೆ. ಅದರ ಕಾಗದ ಟೈಪ್ ಮಾಡುತ್ತಿದ್ದ ಚಿಕ್ಕಮ್ಮ ಅರ್ಧಕ್ಕೆ ಕೈ ನಿಲ್ಲಿಸಿದಳು.

"ಇದು ಬೇಡ ಸಾರ್."

"ಯಾಕಮ್ಮ?"

"ಹೋದ ತಿಂಗಳು ಕೆಲಸ ಕೇಳ್ಕೊಂಡು ಅಲ್ಲಿಗೆ ಹೋಗಿದ್ದೆ. ಕುಡಿಯೋ ನೀರಿನ ಲೋಟಕ್ಕೆ ಸರಪಳಿ ಹಾಕಿ ನಲ್ಲಿಗೆ ಬಿಗಿದಿದ್ದಾರೆ. ಅದೂ ಕಾರ್ಖಾನೆ ಒಳಗೆ, ಅವರ ಜನಕ್ಕೇ."

"ಲೋಟಕ್ಕೂ ಷೇರಿಗೂ ಏನ್ ಸಂಬಂಧ?"

"ಒಂದು ಲೋಟದ ವಿಷಯಕ್ಕೆ ತಮ್ಮ ಜನರನ್ನೇ ನಂಬದೋರು ನಿಮ್ಮ ದುಡ್ಡನ್ನ ಹೇಗೆ ನೋಡ್ಕೋತಾರೆ?"

ಅವರು ನಕ್ಕರು. ಆದರೂ ಕೊಳ್ಳುವುದನ್ನು ಮುಂದಕ್ಕೆ ಹಾಕಿದರು. ವರ್ಷ ತುಂಬುವ ಮೊದಲೇ ಆ ಕಂಪನಿಯ ಮಾಲೀಕರು ಷೇರುದಾರರಿಗೆ ಮೂರು ನಾಮ ಹಾಕಿ ಊರು ಬಿಟ್ಟರು. ಮರುದಿನ ಯಜಮಾನರು ಚಿಕ್ಕಮ್ಮನ ಮುಂದೆ ಇನ್ನೊಂದು ಕಂಪನಿಯ ವಿಳಾಸ ಇಟ್ಟು, "ಇದನ್ನೊಂದು ನೋಡ್ಕೊಂಡು ಬನ್ನಿ" ಎಂದರು.

ಅಲ್ಲಿಂದ ಶುರುವಾಯಿತು. ಹೇಳದೆ ಕೇಳದೆ ಹೋಗುವುದು ಅವಳ ಪದ್ಧತಿ. ಕೆಲವೆಡೆ ಕೆಲಸ ಕೇಳಿಕೊಂಡು, ಕೆಲವೆಡೆ ಗಿರಾಕಿಯಾಗಿ, ಇನ್ನು ಕೆಲವೆಡೆ ದಾರಿ ತಪ್ಪಿ ಬಂದವಳ ಹಾಗೆ. ನೀರು ಕೇಳುವುದು, ಶೌಚಾಲಯ ಎಲ್ಲಿ ಎಂದು ಕೇಳುವುದು, ಗೇಟಿನವನ ಪಕ್ಕ ಕಾಲು ನೋವೆಂದು ಕೂತುಬಿಡುವುದು. ಊಟದ ಹೊತ್ತಿನಲ್ಲಿ ಜನ ನಗುತ್ತಾರೋ, ತಲೆ ತಗ್ಗಿಸಿ ತಿಂದು ಏಳುತ್ತಾರೋ ನೋಡುವುದು. ಬಂದು ಯಜಮಾನರಿಗೆ ಹೇಳುತ್ತಿದ್ದಳು. ಅವರು ಲೆಕ್ಕಪತ್ರ ನೋಡುತ್ತಿದ್ದರು, ಇವಳು ಜನರನ್ನು ನೋಡುತ್ತಿದ್ದಳು. ಎರಡೂ ಸರಿ ಕಂಡರೆ ಕೊಳ್ಳುತ್ತಿದ್ದರು, ಕೊಂಡದ್ದನ್ನು ಸುಲಭಕ್ಕೆ ಮಾರುತ್ತಿರಲಿಲ್ಲ.

ಅವಳೇನೂ ಸರ್ವಜ್ಞೆಯಲ್ಲ ಬಿಡಿ. ಒಂದು ಚಪ್ಪಲಿ ಕಂಪನಿಯನ್ನು ಬೇಡವೇ ಬೇಡ ಎಂದು ಹಟ ಹಿಡಿದಳು. ಮ್ಯಾನೇಜರು ಸಿಡುಕ ಎನ್ನುವುದೇ ಕಾರಣ. ಆ ಕಂಪನಿ ಆಮೇಲೆ ಯಾವ ಪರಿ ಬೆಳೆಯಿತೆಂದರೆ ನಮ್ಮ ಕಾಲಲ್ಲೂ ಅದರದೇ ಚಪ್ಪಲಿ. ಯಜಮಾನರು ಸಾಯುವ ತನಕ ಅವಳ ಕಾಲು ನೋಡಿದಾಗಲೆಲ್ಲ, "ಚೆನ್ನಾಗಿದೆಯಾ ಚಪ್ಪಲಿ?" ಎಂದು ಕಾಲೆಳೆಯುತ್ತಿದ್ದರು. "ಅವನಿಗೆ ಅವತ್ತು ಹಲ್ಲುನೋವು ಇತ್ತೇನೋ, ನಂಗೇನ್ ಗೊತ್ತು" ಎಂದು ಇವಳು ಮೂತಿ ತಿರುವುತ್ತಿದ್ದಳು.

ಹೀಗೆ ಹೀಗೆ ಅವರು ಕೋಟ್ಯಧೀಶರಾದರು. ಕೋಟಿ ಎನ್ನುವುದು ಸಣ್ಣ ಮಾತು, ಸಾವಿರ ಕೋಟಿಗಳ ಲೆಕ್ಕ. ಪ್ರೆಸ್ಸಿನ ಕಟ್ಟಡವನ್ನೇ ಕೊಂಡರು, ಆದರೆ ಕೂರುತ್ತಿದ್ದದ್ದು ಅದೇ ಕೋಣೆಯಲ್ಲಿ. ಜಿಪುಣತನಕ್ಕೆ ಹೆಸರುವಾಸಿ. ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಅವರೇ ಎದ್ದು ಹೋಗಿ ಆರಿಸುತ್ತಿದ್ದರು. ಚಿಕ್ಕಮ್ಮನಿಗೆ ಸಂಬಳ ಧಾರಾಳವಾಗಿತ್ತು, ಅದನ್ನು ಇಲ್ಲ ಎನ್ನಲಾರೆ. ನನ್ನ ಓದು ಅದರಲ್ಲೇ ಆಯಿತು. ಆದರೆ ಅವಳು ಮನೆ ಬದಲಿಸಲಿಲ್ಲ. "ದೊಡ್ಡ ಮನೆಗೆ ಹೋದ್ರೆ ನನ್ನ ಮುಖವೂ ದೊಡ್ಡ ಮನೆಯವರ ಮುಖ ಆಗುತ್ತೆ. ಆಮೇಲೆ ಗೇಟಿನವನು ನನ್ನ ಹತ್ತಿರ ಮಾತಾಡ್ತಾನಾ?" ಎನ್ನುತ್ತಿದ್ದಳು.

ಯಜಮಾನರ ಹೆಂಡತಿ ತೀರಿಕೊಂಡ ಮೇಲೆ ಅವರು ಕೈ ಬಿಚ್ಚಿದರು. ಮಕ್ಕಳಿರಲಿಲ್ಲ. ಸತ್ತ ಮೇಲೆ ಹಂಚಿದರೆ ಅದನ್ನು ಕೊಡುವುದು ಎನ್ನುವುದಿಲ್ಲ, ಬಿಟ್ಟು ಹೋಗುವುದು ಎನ್ನುತ್ತಾರೆ ಎಂಬುದು ಅವರ ವಾದ. ಬದುಕಿರುವಾಗಲೇ ಎಲ್ಲವನ್ನೂ ಕೊಟ್ಟು ಮುಗಿಸಬೇಕೆಂದು ಒಂದು ಟ್ರಸ್ಟ್ ಮಾಡಿದರು. ಶಾಲೆ, ಆಸ್ಪತ್ರೆ, ಅನಾಥಾಲಯ, ಎಲ್ಲ ಕಡೆಯಿಂದ ಅರ್ಜಿಗಳು ಬಂದು ಬಿದ್ದವು. ಮತ್ತೆ ಅದೇ ಮಾತು, "ಟೈಪಿಸ್ಟಮ್ಮ, ನೋಡ್ಕೊಂಡು ಬನ್ನಿ." ತಾವು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ತಾವು ಹೋದರೆ ಗೋಡೆಗೆ ಸುಣ್ಣ ಬಳಿದು, ಮಕ್ಕಳ ಕೈಗೆ ಹೂಗುಚ್ಛ ಕೊಟ್ಟು ಬಿಸಿಲಲ್ಲಿ ನಿಲ್ಲಿಸುತ್ತಾರೆ ಎಂದು ಅವರಿಗೆ ಹೇಸಿಗೆ. ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ, ಹೆಸರಿನ ಕಲ್ಲು ಹಾಕಿಸುತ್ತಿರಲಿಲ್ಲ.

ಆದರೆ ಎಷ್ಟು ವರ್ಷ ಅಂತ ಗುಟ್ಟು ಗುಟ್ಟಾಗಿರುತ್ತದೆ? ದಪ್ಪ ಗಾಜಿನ ಕನ್ನಡಕ, ಕಂದು ಬಣ್ಣದ ಚೀಲ, ಬಡಕಲು ಮೈ, ನೀರು ಕೇಳುತ್ತಾಳೆ, ಶೌಚಾಲಯ ಕೇಳುತ್ತಾಳೆ. ಈ ಗುರುತು ಬಾಯಿಂದ ಬಾಯಿಗೆ ಹರಡಿತು. ಊರಿನ ಶಾಲೆ ಆಸ್ಪತ್ರೆಗಳವರೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು. ಆ ಕಾಲದಲ್ಲಿ ಕನ್ನಡಕ ಹಾಕಿದ ಬಡಕಲು ಮುದುಕಿಯರಿಗೆಲ್ಲ ಸುಗ್ಗಿಯೋ ಸುಗ್ಗಿ. ಮೊಮ್ಮಗನನ್ನು ಶಾಲೆಗೆ ಬಿಡಲು ಹೋದ ನಮ್ಮ ಕೆಳಗಿನ ಮನೆಯ ಅಜ್ಜಿ ನೀರು ಕೇಳಿದ್ದೇ ತಡ, ಹೆಡ್‌ಮಾಸ್ಟರೇ ಓಡಿ ಬಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರಂತೆ. ಅಜ್ಜಿ ಒಂದು ತಿಂಗಳು ಅದನ್ನೇ ಹೇಳಿಕೊಂಡು ಓಡಾಡಿದಳು. ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗಬಾರದಿತ್ತು.

ಆಗ ಉಳಿದಿದ್ದದ್ದು ಒಂದೇ ದೊಡ್ಡ ಅರ್ಜಿ. ನಮ್ಮ ಮನೆಗೆ ಹತ್ತಿರದ ಹಳೆಯ ದೊಡ್ಡಾಸ್ಪತ್ರೆ ಹೃದ್ರೋಗಿಗಳಿಗಾಗಿ ಹೊಸ ಕಟ್ಟಡ ಕಟ್ಟಲು ಹಣ ಕೇಳಿತ್ತು. ಯಜಮಾನರ ಬಳಿ ಉಳಿದಿದ್ದರ ಬಹುಪಾಲು ಅದಕ್ಕೆ ಹೋಗುತ್ತಿತ್ತು. ಚಿಕ್ಕಮ್ಮ ಅಲ್ಲಿಗೆ ಇನ್ನೂ ಹೋಗಿರಲಿಲ್ಲ. ಇವತ್ತು ಬರುತ್ತಾಳೆ, ನಾಳೆ ಬರುತ್ತಾಳೆ ಎಂದು ಅವರು ತುದಿಗಾಲಲ್ಲಿ ನಿಂತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದವಳು ಹಾಗೇ ನೆಲಕ್ಕೆ ಕೂತಳು. ನಲ್ಲಿ ಹರಿಯುತ್ತಲೇ ಇತ್ತು. ನಾನು ಹೋಗಿ ನೋಡುವಾಗ ಮುಖವೆಲ್ಲ ಬೆವರು. "ಎದೆ ಮೇಲೆ ಯಾರೋ ಕೂತ ಹಾಗಿದೆ ಕಣೇ" ಎಂದಳು. ನಾನು ಬಾಗಿಲಿಗೆ ಓಡಿ ಕೂಗಿದೆ. ಅಕ್ಕಪಕ್ಕದವರು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಅಂಥ ಹೊತ್ತಿನಲ್ಲೂ ಅವಳು ಕಂದು ಚೀಲ ಬಿಡಲಿಲ್ಲ, ಅದರಲ್ಲಿ ಅವಳ ಮಾತ್ರೆಗಳಿದ್ದವು. ಟ್ಯಾಕ್ಸಿಯವನು ಕೇಳದೆಯೇ ದೊಡ್ಡಾಸ್ಪತ್ರೆಗೆ ತಿರುಗಿಸಿದ.

ಎಮರ್ಜೆನ್ಸಿಯಲ್ಲಿ ಸಂತೆಯಷ್ಟು ಜನ. ಚಿಕ್ಕಮ್ಮನನ್ನು ಒಂದು ಮಂಚದ ಮೇಲೆ ಮಲಗಿಸಿದರು. ಪಕ್ಕದ ಮಂಚಕ್ಕೆ ಅದೇ ಹೊತ್ತಿಗೆ ಇನ್ನೊಬ್ಬ ಹೆಂಗಸನ್ನು ತಂದು ಹಾಕಿದರು. ಬೀದಿ ಮೂಲೆಯಲ್ಲಿ ಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುವವಳು. ಅವಳಿಗೂ ಎದೆನೋವು. ನರ್ಸು ಅವಳ ರವಿಕೆ ಸಡಿಲಿಸಿ ಎದೆಗೆ ವೈರು ಅಂಟಿಸಿದ್ದು, ಇಸಿಜಿ ಕಾಗದ ಸರ್ರನೆ ಹೊರಬಂದದ್ದು, ಡ್ಯೂಟಿ ಡಾಕ್ಟರು ಅದನ್ನು ನೋಡಿ ಓಡಿಬಂದು ಸೂಜಿ ಚುಚ್ಚಿದ್ದು ಎಲ್ಲ ನನ್ನ ಕಣ್ಣೆದುರೇ ನಡೆಯಿತು. ಮುಂದಿನ ಸರದಿ ನಮ್ಮದು ಎಂದುಕೊಂಡೆ.

ಅಷ್ಟರಲ್ಲಿ ಕೌಂಟರಿನ ಹುಡುಗಿಯ ಕಣ್ಣು ಕಂದು ಚೀಲದ ಮೇಲೆ ಬಿತ್ತು. ಆಮೇಲೆ ಕನ್ನಡಕದ ಮೇಲೆ. ಅವಳು ಫೋನೆತ್ತಿಕೊಂಡಳು.

ನೋಡನೋಡುತ್ತ ನಾಲ್ಕು ಜನ ಬಂದರು. ಡ್ಯೂಟಿ ಡಾಕ್ಟರ ಕೈ ಹಿಡಿದು ಪಕ್ಕಕ್ಕೆಳೆದು ಕಿವಿಯಲ್ಲಿ ಏನೋ ಊದಿದರು. ಡಾಕ್ಟರು ವೈರುಗಳನ್ನು ಅಲ್ಲೇ ಬಿಟ್ಟು ಹಿಂದೆ ಸರಿದರು. ಚಿಕ್ಕಮ್ಮನನ್ನು ಗಾಲಿ ಮಂಚದಲ್ಲಿ ಲಿಫ್ಟಿಗೆ ತಳ್ಳಿಕೊಂಡು ಹೋಗಿ, ಮೇಲಿನ ಮಹಡಿಯ ವಿಶೇಷ ಕೋಣೆಯಲ್ಲಿ ಮಲಗಿಸಿದರು. ಮಡಿಕೆಯ ಗೆರೆ ಇನ್ನೂ ಮಾಸದ ಹೊಸ ಹೊದಿಕೆ, ಹೂಜಿಯಲ್ಲಿ ತಣ್ಣಗಿನ ನೀರು, ಹೂವು. ಆ ಕೋಣೆಯಲ್ಲಿ ಎಲ್ಲವೂ ಇತ್ತು, ಡಾಕ್ಟರ್ ಒಬ್ಬರನ್ನು ಬಿಟ್ಟು.

"ಡಾಕ್ಟರ್ ಎಲ್ಲಿ?" ಎಂದು ನರ್ಸನ್ನು ಕೇಳಿದೆ.

"ಚಿಕ್ಕ ಡಾಕ್ಟರ್ ಮುಟ್ಟಬಾರದು ಅಂತ ಆರ್ಡರ್ ಆಗಿದೆ ಮೇಡಂ. ಹಾರ್ಟಿನ ದೊಡ್ಡ ಡಾಕ್ಟರೇ ನೋಡ್ತಾರೆ. ಮನೆಯಿಂದ ಹೊರಟಿದ್ದಾರೆ."

"ಅಲ್ಲೀತನಕ ನೋವು?"

ಅವಳು ಕಳ್ಳನಗೆ ನಕ್ಕು ನನ್ನ ತೋಳು ತಟ್ಟಿದಳು. "ನೀವೂ ತುಂಬ ಚೆನ್ನಾಗಿ ಮಾಡ್ತೀರಿ ಮೇಡಂ."

ನನಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದದ್ದು ಚಿಕ್ಕಮ್ಮನಿಗೆ. ಅವಳು ನನ್ನ ಸೆರಗು ಹಿಡಿದು ಹತ್ತಿರ ಎಳೆದುಕೊಂಡಳು. ತುಟಿ ಒಣಗಿತ್ತು. "ನಾನು ನಾಟಕ ಆಡ್ತಿದ್ದೀನಿ ಅಂದ್ಕೊಂಡಿದ್ದಾರೆ. ಪರೀಕ್ಷೆ ಮಾಡೋಕೆ ಬಂದಿದ್ದೀನಿ ಅಂತ."

ಅಷ್ಟು ಹೊತ್ತಿಗೆ ಆಸ್ಪತ್ರೆಯ ಡೈರೆಕ್ಟರೇ ಒಳಗೆ ಬಂದರು. ಭಾನುವಾರವಾದರೂ ಟೈ ಕಟ್ಟಿದ್ದರು, ತಲೆ ಆಗ ತಾನೇ ಬಾಚಿಕೊಂಡಿದ್ದರು. ಹೊಸ ಕಟ್ಟಡದ ನಕ್ಷೆಯನ್ನು ಬಿಚ್ಚಿ ಮಂಚದ ಮೇಲೆ, ಅವಳ ಕಾಲಿನ ಮೇಲೆಯೇ ಹರಡಿದರು.

ಚಿಕ್ಕಮ್ಮ, "ಸ್ವಾಮಿ, ನಿಜವಾಗ್ಲೂ ನೋವಿದೆ" ಎಂದಳು.

"ಗೊತ್ತು ಗೊತ್ತು ಮೇಡಂ. ಇಲ್ನೋಡಿ, ಇದು ಮೊದಲನೇ ಮಹಡಿ."

ನಾನು ಬಾಯಿಗೆ ಬಂದಂತೆ ಬೈದೆ. ನಿಮ್ಮ ಮನೆ ಹಾಳಾಗ ಎಂದೆ, ಕಟುಕರೇ ಎಂದೆ, ಇನ್ನೂ ಏನೇನೋ ಎಂದೆ. ಬೈದಷ್ಟೂ ಅವರು ತಲೆದೂಗಿದರು. ರೋಗಿಯ ಕಡೆಯವರು ಬೈದರೆ ಸಿಬ್ಬಂದಿ ತಾಳ್ಮೆ ಕಳೆದುಕೊಳ್ಳುತ್ತಾರೋ ಇಲ್ಲವೋ ಎಂಬುದನ್ನೂ ನಾವು ನೋಡುತ್ತಿದ್ದೇವೆ ಎಂದು ಅವರ ಲೆಕ್ಕ. ನನ್ನ ಅಳುವೂ ಅವರಿಗೆ ಪರೀಕ್ಷೆಯ ಭಾಗವೇ. ಚಿಕ್ಕಮ್ಮನ ಉಗುರು ನೀಲಿಯಾಗುತ್ತಿತ್ತು. ಅವಳು ಮಾತು ನಿಲ್ಲಿಸಿದ್ದಳು. ಜೀವಮಾನದಲ್ಲಿ ಅವಳು ಮಾತು ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ.

ಯಜಮಾನರಿಗೆ ನಾನು ಎಂದೂ ಫೋನ್ ಮಾಡಿದವಳಲ್ಲ. ಆ ಮನುಷ್ಯನ ಹತ್ತಿರ ಏನೂ ಕೇಳಬಾರದು ಎಂಬುದು ನಮ್ಮ ಮನೆಯ ಕಟ್ಟುನಿಟ್ಟು. ಅವತ್ತು ಚಿಕ್ಕಮ್ಮನ ಚೀಲದಿಂದ ಫೋನ್ ತೆಗೆದು ಅವರ ನಂಬರ್ ಒತ್ತಿ, ಅವರು ಹಲೋ ಎಂದ ತಕ್ಷಣ, ಯಜಮಾನರನ್ನೇ ಕೇಳಿ ಎಂದು ಡೈರೆಕ್ಟರ ಕಿವಿಗೆ ಹಿಡಿದೆ.

ಡೈರೆಕ್ಟರ ಮುಖ ಅರಳಿತು. "ನಮಸ್ಕಾರ ಸಾರ್. ತಾವು ಕಳಿಸಿದ ಮೇಡಂ ನಮ್ಮಲ್ಲೇ ಇದ್ದಾರೆ. ಯಾವ ಕೊರತೆಯೂ ಆಗದ ಹಾಗೆ ನೋಡ್ಕೊಳ್ತಾ ಇದ್ದೀವಿ."

ಆ ಕಡೆಯ ಉತ್ತರ ನನಗೂ ಕೇಳಿಸಿತು. "ನಾನು ಅವರನ್ನ ಎಲ್ಲಿಗೂ ಕಳಿಸಿಲ್ಲ."

ಡೈರೆಕ್ಟರು ಫೋನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಮಂಚದ ಕಡೆ ನೋಡಿದರು. ನಕ್ಷೆ ನೆಲಕ್ಕೆ ಬಿತ್ತು. ಅವರೇ ಗಾಲಿ ಮಂಚ ಹಿಡಿದು ಲಿಫ್ಟಿನ ಕಡೆ ಓಡಿದರು, ಟೈ ಹೆಗಲ ಹಿಂದಕ್ಕೆ ಹಾರುತ್ತಿತ್ತು. ಕೆಳಗೆ ಅದೇ ಡ್ಯೂಟಿ ಡಾಕ್ಟರು, ಅದೇ ವೈರು. ರಕ್ತನಾಳ ಮುಚ್ಚಿಕೊಂಡಿತ್ತು. ತೆರೆದರು. ಜೀವ ಉಳಿಯಿತು, ಆದರೆ ತಡವಾದ್ದಕ್ಕೆ ಹೃದಯದ ಒಂದು ಪಾಲು ಕೆಲಸ ನಿಲ್ಲಿಸಿತ್ತು. ಇನ್ನು ಮೇಲೆ ಮೆಟ್ಟಿಲು ಹತ್ತುವ ಹಾಗಿಲ್ಲ, ಊರೂರು ಅಲೆಯುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು.

ನಾನು ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾಗ ಯಜಮಾನರು ಬಂದರು. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು, ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ಪಾಸ್ ಇಲ್ಲ ಎಂದು ಗೇಟಿನವನು ತಡೆದು, ಎಲ್ಲರ ಜೊತೆ ಸಾಲಲ್ಲಿ ನಿಲ್ಲಿಸಿದ್ದನಂತೆ. ಅವರ ಮುಖ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರನ್ನು ಕಂಡದ್ದೇ ನನ್ನ ಹೊಟ್ಟೆಯೊಳಗಿನ ಸಿಟ್ಟೆಲ್ಲ ಹೊರಗೆ ಬಂತು.

"ನಿಮ್ಮ ಕೆಲಸ ಮಾಡಿ ಮಾಡಿ ಅವಳಿಗೆ ಈ ಗತಿ ಬಂತು. ನೀವು ಯಾವತ್ತಾದ್ರೂ ಒಂದು ಕಡೆ ಹೋಗಿ ನೋಡಿದ್ದೀರಾ? ನಿಮ್ಮ ಹೆಸರಿಗೆ ಹೆದರಿ ಅವಳನ್ನ ಸಾಯೋಕೆ ಬಿಟ್ಟಿದ್ರು."

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಹೌದಮ್ಮ" ಎಂದರು. ಪಕ್ಕದಲ್ಲಿ ಕೂತರು. ಸಂಜೆಯ ತನಕ ಎದ್ದು ಹೋಗಲಿಲ್ಲ. ಹೋಗುವ ಮುಂಚೆ, "ಈ ಆಸ್ಪತ್ರೆಗೆ ಬಿಡಿಗಾಸೂ ಕೊಡಲ್ಲ" ಎಂದರು. ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ ಹೇಳಲಿ.

ಚಿಕ್ಕಮ್ಮ ಕಣ್ಣು ಬಿಟ್ಟು ಸ್ವಲ್ಪ ಚೇತರಿಸಿಕೊಂಡ ಮೇಲೆ ಮಾಡಿದ ಮೊದಲ ಕೆಲಸವೆಂದರೆ ವಿಶೇಷ ಕೋಣೆ ಬೇಡ ಎಂದು ಜಗಳವಾಡಿದ್ದು. ಸಾಮಾನ್ಯ ವಾರ್ಡಿನಲ್ಲಿ ಆ ಇಸ್ತ್ರಿಯವಳ ಪಕ್ಕದ ಮಂಚವನ್ನೇ ಕೇಳಿ ಹಾಕಿಸಿಕೊಂಡಳು. ಇಬ್ಬರೂ ಬೇಗ ಒಂದಾದರು. ಯಾವ ಬಟ್ಟೆಗೆ ಎಷ್ಟು ಕಾವು, ಯಾವ ಮನೆಯವರು ಕಾಲರಿನ ಕೊಳೆಗೂ ಇಸ್ತ್ರಿಯವಳನ್ನೇ ಬೈಯುತ್ತಾರೆ, ಇಂಥ ಸುದ್ದಿ. ನಾಲ್ಕನೇ ದಿನ ಯಜಮಾನರು ಭೇಟಿಯ ಹೊತ್ತಿಗೆ ಬಂದು ಸ್ಟೂಲಿನ ಮೇಲೆ ಕೂತರು.

ಚಿಕ್ಕಮ್ಮ ನೇರವಾಗಿ ವಿಷಯಕ್ಕೆ ಬಂದಳು. "ಅವರಿಗೆ ಕೊಟ್ಟುಬಿಡಿ."

"ಯಾರಿಗೆ?"

"ಈ ಆಸ್ಪತ್ರೆಗೆ. ಕಟ್ಟಡಕ್ಕೆ."

ಯಜಮಾನರು ಮುಂದಕ್ಕೆ ಬಾಗಿದರು. "ತಲೆ ಸರಿ ಇದೆಯಾ ಟೈಪಿಸ್ಟಮ್ಮ? ನಿಮ್ಮನ್ನ ಕೊಂದೇಬಿಡ್ತಿದ್ರು."

"ನನ್ನನ್ನ ಬಿಡಿ. ನಾವು ಇಷ್ಟು ವರ್ಷ ನೋಡೋಕೆ ಹೋಗಿದ್ದು ಏನನ್ನ? ಏನೂ ಇಲ್ಲದವರು ಬಾಗಿಲಿಗೆ ಬಂದ್ರೆ ಹೇಗೆ ನೋಡ್ಕೋತಾರೆ ಅಂತ ತಾನೇ?" ಅವಳು ಗಲ್ಲದಿಂದ ಪಕ್ಕದ ಮಂಚ ತೋರಿಸಿದಳು. "ಇವಳು ನನ್ನ ಜೊತೆಗೇ ಬಂದ್ಲು. ಯಾರು, ಏನು, ದುಡ್ಡಿದೆಯಾ ಅಂತ ಒಂದು ಮಾತು ಕೇಳಲಿಲ್ಲ. ಓಡಿ ಬಂದು ನೋಡಿದ್ರು, ಉಳಿಸಿದ್ರು. ಮಲಗಿದ್ದ ಕಡೆಯಿಂದ ಎಲ್ಲ ನೋಡಿದ್ದೀನಿ. ನಾನು ಇದುವರೆಗೆ ನೋಡಿದ್ರಲ್ಲಿ ಇದಕ್ಕಿಂತ ಒಳ್ಳೇದು ಯಾವುದೂ ಇಲ್ಲ."

"ಮತ್ತೆ ನಿಮಗೆ ಯಾಕೆ ಹಾಗೆ ಮಾಡಿದ್ರು?"

"ಅದನ್ನ ಮಾಡಿದ್ದು ಅವರಲ್ಲ. ನಿಮ್ಮ ದುಡ್ಡು, ನನ್ನ ವೇಷ. ನಾನು ಅಷ್ಟು ಕಡೆ ಸುಳ್ಳು ಹೇಳ್ಕೊಂಡು ಹೋಗಿದ್ದೀನಿ, ನಿಜ ಹೇಳಿದ ದಿನ ಯಾರೂ ನಂಬಲಿಲ್ಲ. ಅದಕ್ಕೆ ಅವರನ್ನ ಬೈದು ಏನು?"

"ನೀವು ಹೋಗಿಬಿಟ್ಟಿದ್ರೆ?"

"ಆಗಲೂ ಕೊಡಿ ಅಂತಲೇ ಹೇಳ್ತಿದ್ದೆ. ಹೇಳೋಕೆ ಆಗ್ತಿರಲಿಲ್ಲ, ಅಷ್ಟೇ."

ಯಜಮಾನರು ನಗಲಿಕ್ಕೆ ಹೊರಟರು. ನಗು ಬರಲಿಲ್ಲ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಷೇರುಪೇಟೆ ಕುಸಿದು ಅರ್ಧಕ್ಕರ್ಧ ಕರಗಿದಾಗಲೂ ನಿದ್ದೆ ಕೆಡಿಸಿಕೊಳ್ಳದ ಮನುಷ್ಯ ಎಂದು ಪತ್ರಿಕೆಯವರು ಬರೆದಿದ್ದು ಇವರ ಬಗ್ಗೆಯೇ. ಇಷ್ಟು ದಿನ ಅವರ ಮೇಲೆ ಹಲ್ಲು ಕಡಿಯುತ್ತಿದ್ದ ನಾನೇ ಒಂದು ಲೋಟ ನೀರು ಬಗ್ಗಿಸಿ ಅವರ ಪಕ್ಕ ಇಟ್ಟೆ. "ಕೊಡ್ತೀನಿ. ನಾಳೆಯೇ ಸಹಿ ಹಾಕ್ತೀನಿ" ಎಂದು ಅಳುವಿನ ನಡುವೆಯೇ ಹೇಳಿದರು.

ಇಸ್ತ್ರಿಯವಳು ಮಗ್ಗುಲಾಗಿ ಇದನ್ನೆಲ್ಲ ನೋಡುತ್ತಿದ್ದಳು. ಮೆಲ್ಲನೆ ಆಡಿದ ಮಾತು ಅವಳಿಗೆ ಪೂರ್ತಿ ಕೇಳಿಸಿರಲಿಲ್ಲ. ಕೊಡಿ, ಕೊಡ್ತೀನಿ ಎನ್ನುವುದಷ್ಟೇ ಕಿವಿಗೆ ಬಿದ್ದಿತ್ತು. ಹಳೆಯ ಅಂಗಿಯ, ಸವೆದ ಚಪ್ಪಲಿಯ ಮುದುಕ ಅಳುತ್ತಿರುವುದು ಅವಳಿಗೆ ಕಂಡಿತ್ತು. ನನ್ನನ್ನು ಕಣ್ಸನ್ನೆ ಮಾಡಿ ಕರೆದಳು.

"ಬಿಲ್ಲು ಕಟ್ಟೋಕೆ ಆಗ್ತಿಲ್ವಾ ಪಾಪ?" ಎಂದು ಪಿಸುಗುಟ್ಟಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ದಿಂಬಿನ ಕೆಳಗಿಂದ ಬಟ್ಟೆಯ ಗಂಟೊಂದನ್ನು ತೆಗೆದು, ಬಿಚ್ಚಿ, ಮಡಿಚಿದ ನೋಟುಗಳನ್ನು ಯಜಮಾನರ ಕಡೆಗೆ ಚಾಚಿದಳು. "ತಗೊಳ್ಳಿ ಅಣ್ಣ. ನನ್ನ ಮಗ ನಾಳೆ ಮತ್ತೆ ತರ್ತಾನೆ. ನಿಧಾನಕ್ಕೆ ಕೊಟ್ರೂ ಆಯ್ತು."

ಯಜಮಾನರು ಮುಖ ಎತ್ತಿದರು. ಆ ನೋಟುಗಳನ್ನೂ ಆ ಕೈಯನ್ನೂ ನೋಡಿದರು. ಜೀವಮಾನವಿಡೀ ಅವರ ಮುಂದೆ ಕೈಯೊಡ್ಡಿದವರಿಗೆ ಲೆಕ್ಕವಿಲ್ಲ. ತಗೊಳ್ಳಿ ಎಂದವರು ಯಾರೂ ಇರಲಿಲ್ಲ. ಬೇಡಮ್ಮ ಎನ್ನಲು ಅವರು ಬಾಯಿ ತೆರೆದರು.

"ಬೇಡ ಅನ್ನಬೇಡಿ" ಎಂದಳು ಚಿಕ್ಕಮ್ಮ. "ಅವಳ ಮನಸ್ಸು ನೋಯುತ್ತೆ."

ಅವರು ಸ್ಟೂಲಿನಿಂದ ಎದ್ದು ನಿಂತು, ಎರಡೂ ಕೈ ಚಾಚಿ ತೆಗೆದುಕೊಂಡರು.